ಮಾನಸಗಂಗೋತ್ರಿ ತಲುಪಿದ ಕ್ವಾಂಟಂ ಪಾಠ

ಮೈಸೂರಿನ ಕುವೆಂಪುನಗರದಿಂದ ಮಾನಸಗಂಗೋತ್ರಿಗೆ ಸೈಕಲ್ಲಿನಲ್ಲಿ ಹೋಗಿಬರುವಷ್ಟೇ ದೂರ. ಕವಿಯ ಹೆಸರು ಹೊತ್ತ ಬಡಾವಣೆಯ ವಿದ್ಯಾರ್ಥಿಯೊಬ್ಬ, ಅದೇ ಕವಿ ಕುಲಪತಿಯಾಗಿ ರೂಪಿಸಿದ ವಿದ್ಯಾಕೇಂದ್ರದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ.ಗೆ ಸೇರಿ ಕ್ವಾಂಟಂ ಸಿದ್ಧಾಂತದ ಉನ್ನತ ಪಾಠ ಕಲಿಯುವುದು ಇಂದು ವಿಶೇಷವೇನಲ್ಲ. ಆದರೆ ಈ ಪಾಠ ಮೈಸೂರಿಗೆ ಬಂದದ್ದು ಬಳಸುದಾರಿಯಲ್ಲಿ.

ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1916ರಲ್ಲಿ. ಆಗ ಕಲಾ ವಿಷಯಗಳಿಗೆ ಮೈಸೂರಿನ ಮಹಾರಾಜಾ ಕಾಲೇಜು, ವಿಜ್ಞಾನಕ್ಕೆ ಬೆಂಗಳೂರಿನ ಸೆಂಟ್ರಲ್ ಕಾಲೇಜು ಎಂಬ ಹಂಚಿಕೆಯಿತ್ತು. ಹೀಗಾಗಿ ವಿಶ್ವವಿದ್ಯಾನಿಲಯದ ಹೆಸರು ಮೈಸೂರಿನದಾದರೂ ಹೊಸ ಭೌತಶಾಸ್ತ್ರದ ಕೆಲಸ ನಡೆದದ್ದು ಬೆಂಗಳೂರಿನಲ್ಲಿ. ಸೆಂಟ್ರಲ್ ಕಾಲೇಜಿನ ಬಿ. ವೆಂಕಟೇಶಾಚಾರ್ ಮತ್ತು ಎಲ್. ಸೀಬಯ್ಯ 1935ರಲ್ಲಿ ಇರಿಡಿಯಂ ಲೋಹ ಸೂಸುವ ಬೆಳಕಿನ ಸೂಕ್ಷ್ಮ ರೇಖೆಗಳನ್ನು ಪರೀಕ್ಷಿಸಿ, ಅದಕ್ಕೆ ಎರಡು ಐಸೊಟೋಪುಗಳಿವೆಯೆಂದು ತೋರಿಸಿದರು. ಆ ರೇಖೆಗಳ ಅರ್ಥ ಬಿಡಿಸಲು ಬೇಕಾದದ್ದು ಕ್ವಾಂಟಂ ಸಿದ್ಧಾಂತವೇ.

ಅದೇ ವರ್ಷದ ಕೊನೆಯಲ್ಲಿ, ಸಿ.ವಿ. ರಾಮನ್ ಅವರ ಆಹ್ವಾನದಂತೆ, ಜರ್ಮನಿಯಿಂದ ಹೊರಬಿದ್ದಿದ್ದ ಮ್ಯಾಕ್ಸ್ ಬಾರ್ನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಕೆಲವು ತಿಂಗಳು ನೆಲಸಿದರು. ಸಾಮಾನ್ಯ ಗಣಿತದಲ್ಲಿ ಮೂರನ್ನು ನಾಲ್ಕರಿಂದ ಗುಣಿಸಿದರೂ ನಾಲ್ಕನ್ನು ಮೂರರಿಂದ ಗುಣಿಸಿದರೂ ಉತ್ತರ ಒಂದೇ. 1925ರಲ್ಲಿ ಹೈಸೆನ್‌ಬರ್ಗ್ ಕಂಡುಕೊಂಡ ಲೆಕ್ಕದಲ್ಲಿ ಕ್ರಮ ಬದಲಾದರೆ ಉತ್ತರವೂ ಬದಲಾಗುತ್ತಿತ್ತು. ಇದು ಮಾತೃಕೆಗಳ ಗುಣಾಕಾರವೆಂದು ಗುರುತಿಸಿದವರು ಬಾರ್ನ್. ಕಣ ಎಲ್ಲಿದೆ ಎಂಬುದಕ್ಕೆ ಸಿದ್ಧಾಂತ ಕೊಡುವುದು ಸಂಭಾವ್ಯತೆಯನ್ನು ಮಾತ್ರ ಎಂದು 1926ರಲ್ಲಿ ಹೇಳಿದವರೂ ಅವರೇ. ಸೆಂಟ್ರಲ್ ಕಾಲೇಜಿನ ಗಣಿತಜ್ಞ ಬಿ.ಎಸ್. ಮಾಧವರಾವ್ ಬಾರ್ನ್ ಅವರ ಸಿದ್ಧಾಂತವನ್ನು ಮುಂದುವರಿಸಿ ಪ್ರಬಂಧಗಳನ್ನು ಬರೆದರು.

ಕುವೆಂಪು 1956ರಿಂದ 1960ರವರೆಗೆ ಕುಲಪತಿಗಳಾಗಿದ್ದರು. ಕುಕ್ಕರಹಳ್ಳಿ ಕೆರೆಯ ಬದಿಯಲ್ಲಿ ಸ್ನಾತಕೋತ್ತರ ಅಧ್ಯಯನಕ್ಕೆಂದೇ ಮಾನಸಗಂಗೋತ್ರಿ ತಲೆಯೆತ್ತಿತು. 1961ರಲ್ಲಿ ಎಸ್. ಚಂದ್ರಶೇಖರ್ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿ ಬಂದರು. ಮುಂದೆ ದ್ರವಸ್ಫಟಿಕಗಳ ಸಂಶೋಧನೆಯಿಂದ ಜಗತ್ತಿಗೆ ಪರಿಚಿತರಾದವರು ಇವರು. ಅವರ ತಮ್ಮ ಎಸ್. ಪಂಚರತ್ನಂ ಅದೇ ವಿಭಾಗದಲ್ಲಿ ರೀಡರ್ ಆಗಿದ್ದು, 1964ರಲ್ಲಿ ಆಕ್ಸ್‌ಫರ್ಡಿಗೆ ತೆರಳಿದರು. 1969ರಲ್ಲಿ ಅಲ್ಲಿಯೇ ತೀರಿಕೊಂಡಾಗ ಅವರಿಗಿನ್ನೂ 35 ವರ್ಷ.

ಈ ಪಂಚರತ್ನಂ ಮೈಸೂರಿಗೆ ಬರುವ ಮುನ್ನವೇ, 1956ರಲ್ಲಿ, ಒಂದು ಸಂಗತಿಯನ್ನು ಕಂಡುಹಿಡಿದಿದ್ದರು. ಭೂಗೋಳದ ನಡುಗೆರೆಯ ಮೇಲೆ ಉತ್ತರದ ಕಡೆಗೆ ಚಾಚಿದ ಕೋಲೊಂದನ್ನು ಹಿಡಿದು ಒಬ್ಬ ಹೊರಟನೆನ್ನೋಣ. ಕೋಲನ್ನು ಎಲ್ಲಿಯೂ ತಿರುಗಿಸದೆ ಧ್ರುವಕ್ಕೆ ಹೋಗಿ, ಬೇರೊಂದು ರೇಖೆಯಲ್ಲಿ ನಡುಗೆರೆಗೆ ಇಳಿದು, ಹೊರಟ ಜಾಗಕ್ಕೆ ಮರಳಿದರೆ ಕೋಲಿನ ದಿಕ್ಕೇ ಬದಲಾಗಿರುತ್ತದೆ. ಬೆಳಕಿನ ಧ್ರುವೀಕರಣವನ್ನು ಹಂತಹಂತವಾಗಿ ಬದಲಾಯಿಸಿ ಮೊದಲಿನ ಸ್ಥಿತಿಗೆ ತಂದರೂ ಹೀಗೆಯೇ ಆಗುತ್ತದೆ. ಅಲೆಯ ಏರಿಳಿತದ ಘಟ್ಟ ತುಸು ಸರಿದಿರುತ್ತದೆ. ಎಷ್ಟು ಸರಿದಿದೆ ಎಂಬುದು ಅದು ಸುತ್ತಿಬಂದ ದಾರಿಗೆ ಸಂಬಂಧಿಸಿದ್ದು.

ಇಂಗ್ಲೆಂಡಿನ ಮೈಕೆಲ್ ಬೆರಿ 1984ರಲ್ಲಿ ಕ್ವಾಂಟಂ ವ್ಯವಸ್ಥೆಗಳಲ್ಲಿಯೂ ಇಂಥದೇ ಗುಣವನ್ನು ಕಂಡರು. ಪಂಚರತ್ನಂ ಇದನ್ನು ಬಹು ಹಿಂದೆಯೇ ಬೆಳಕಿನಲ್ಲಿ ಕಂಡಿದ್ದರೆಂದು 1986ರಲ್ಲಿ ಎತ್ತಿ ತೋರಿಸಿದವರು ಬೆಂಗಳೂರಿನ ಎಸ್. ರಾಮಶೇಷನ್ ಮತ್ತು ಆರ್. ನಿತ್ಯಾನಂದ. ಮರುವರ್ಷ ಬೆರಿಯವರೂ ಅದನ್ನು ಮುಕ್ತವಾಗಿ ಒಪ್ಪಿ ಬರೆದರು. ಉನ್ನತ ಪಠ್ಯಗಳಲ್ಲಿ ಇಂದು ಈ ವಿಷಯಕ್ಕೆ ಸ್ಥಾನವಿದೆ. ಮಾನಸಗಂಗೋತ್ರಿಯಲ್ಲಿ ಪಂಚರತ್ನಂ ಅವರೆದುರು ಕುಳಿತು ಪಾಠ ಕೇಳಿದವರಿಗೆ, ತಮ್ಮ ಅಧ್ಯಾಪಕರ ಹೆಸರು ಮುಂದೊಂದು ದಿನ ಇಂಥ ಪುಸ್ತಕಗಳನ್ನು ಸೇರುತ್ತದೆಂದು ಊಹಿಸುವುದು ಸಾಧ್ಯವಿರಲಿಲ್ಲ.

ಪಾಠ ಊರಿಗೆ ಬಂತು; ಊರಿನ ಭಾಷೆಗೆ ಬಂತೆ? ಕುವೆಂಪು ಬಯಸಿದ್ದು ಎರಡನ್ನೂ. ಕಾಲೇಜುಗಳಲ್ಲಿ ಇಂಗ್ಲಿಷಿನ ಜೊತೆಗೆ ಕನ್ನಡ ಮಾಧ್ಯಮದ ತರಗತಿಗಳಿಗೆ ಅವರು ದಾರಿ ಮಾಡಿಕೊಟ್ಟರು, ಕನ್ನಡದಲ್ಲಿ ಪಠ್ಯಗಳನ್ನು ಬರೆಸಿದರು. ಮೈಸೂರಿನಲ್ಲೇ ಇದ್ದ ಜೆ.ಆರ್. ಲಕ್ಷ್ಮಣರಾವ್ ‘ಪರಮಾಣು ಚರಿತ್ರೆ’ ಬರೆದರು, ಜಿ.ಟಿ. ನಾರಾಯಣರಾವ್ ಕನ್ನಡ ವಿಶ್ವಕೋಶದ ವಿಜ್ಞಾನ ಸಂಪಾದಕರಾಗಿ ದುಡಿದರು. ಕ್ವಾಂಟಂಗೆ ‘ಶಕಲ’ ಎಂಬ ಪದವೂ ಹುಟ್ಟಿತು. ಆದರೂ ಎಂ.ಎಸ್ಸಿ. ತರಗತಿಯ ಪಾಠ ಮತ್ತು ಪರೀಕ್ಷೆ ಇಂಗ್ಲಿಷಿನಲ್ಲಿಯೇ ಉಳಿದವು.

ಸಮೀಕರಣಕ್ಕೆ ಭಾಷೆಯ ಹಂಗಿಲ್ಲ ಎನ್ನುವವರುಂಟು. ಲೆಕ್ಕ ಬಿಡಿಸುವ ಮಟ್ಟಿಗೆ ಆ ಮಾತು ನಿಜ. ಆದರೆ ಕಣವೂ ಅಲೆಯೂ ಆಗಿರುವುದೆಂದರೇನು, ಅಳೆಯುವ ಮುನ್ನ ಅದು ಎಲ್ಲಿತ್ತು ಎಂಬ ಪ್ರಶ್ನೆಗಳು ಲೆಕ್ಕಕ್ಕೆ ಮುಗಿಯುವಂಥವಲ್ಲ. ಅವನ್ನು ವಿದ್ಯಾರ್ಥಿ ತನಗೆ ತಾನೇ ಕೇಳಿಕೊಳ್ಳಬೇಕು, ಮನೆಯವರಿಗೂ ಬಿಡಿಸಿ ಹೇಳಬಲ್ಲವನಾಗಬೇಕು. ಕನ್ನಡ ಪುಸ್ತಕಗಳ ಅಗತ್ಯ ಇರುವುದು ಅಲ್ಲಿ. ಮಾನಸಗಂಗೋತ್ರಿಯನ್ನು ಕಟ್ಟಿದವರ ಕೆಲಸದಲ್ಲಿ ಉಳಿದಿರುವ ಪಾಲು ಅದೇ.