ವಿಗ್ರಹತ್ಯಾಗ ಮತ್ತು ಸ್ವತ್ತಿನ ತ್ಯಾಗ (ಕ್ರೈಸ್ತಧರ್ಮ)

ಹಿಂದೆ ಪೂಜಿಸುತ್ತಿದ್ದ ಮೂರ್ತಿಗಳನ್ನು ಬಿಟ್ಟು ಒಬ್ಬನೇ ದೇವರನ್ನು ನಂಬುವುದು, ಅದರೊಡನೆ ಹೊನ್ನು, ಹೊಲ, ಮನೆಗಳ ಮೇಲಿನ ಹಂಬಲವನ್ನೂ ತೊರೆಯುವುದು. ಎರಡೂ ಬೇರೆ ಬೇರೆ ವ್ರತಗಳಂತೆ ಕಂಡರೂ ಬೈಬಲಿನಲ್ಲಿ ಮತ್ತೆ ಮತ್ತೆ ಜೊತೆಯಾಗಿ ಬರುತ್ತವೆ. ಆದಿಕಾಂಡದ 35ನೆಯ ಅಧ್ಯಾಯದಲ್ಲಿ ಯಾಕೋಬನು ಬೇತೇಲಿಗೆ ಹೊರಡುವ ಮುನ್ನ ತನ್ನವರ ಬಳಿಯಿದ್ದ ಅನ್ಯದೇವತೆಗಳನ್ನೂ ಕಿವಿಯ ಆಭರಣಗಳನ್ನೂ ಒಟ್ಟಿಗೆ ಶೆಕೆಮಿನ ಹತ್ತಿರ ಮರದ ಬುಡದಲ್ಲಿ ಹೂಳುತ್ತಾನೆ. ವಿಮೋಚನಕಾಂಡದ ಚಿನ್ನದ ಹೋರಿಕರುವನ್ನು ಎರಕ ಹೊಯ್ದದ್ದೂ ಜನರ ಕಿವಿಯೋಲೆಗಳನ್ನು ಕರಗಿಸಿಯೇ. ದೇವರನ್ನೂ ಧನವನ್ನೂ ಒಟ್ಟಿಗೆ ಸೇವಿಸಲಾಗದು ಎಂದು ಯೇಸು ಬೋಧಿಸಿದರೆ, ಪೌಲನು ಕೊಲೊಸ್ಸೆಯ ಸಭೆಗೆ ಬರೆದ ಪತ್ರದಲ್ಲಿ (3:5) ಲೋಭವನ್ನೇ ವಿಗ್ರಹಾರಾಧನೆ ಎಂದು ಕರೆದ. ಮುಂದಿನ ಚರ್ಚೆಗೆಲ್ಲ ಈ ಮಾತು ಬುನಾದಿಯಾಯಿತು.

ಇವೆರಡರ ಗಂಟು ಎಷ್ಟು ಬಿಗಿಯೆಂಬುದು ಎಫೆಸದಲ್ಲಿ ಬಯಲಾಯಿತು. ಈಗಿನ ಟರ್ಕಿಯ ಪಶ್ಚಿಮ ಕರಾವಳಿಯಲ್ಲಿದ್ದ ಈ ಪಟ್ಟಣದ ಅರ್ತೆಮಿ ದೇವಿಯ ಗುಡಿ ಪ್ರಾಚೀನ ಜಗತ್ತಿನ ಏಳು ಅದ್ಭುತಗಳಲ್ಲಿ ಒಂದು. ಅಪೊಸ್ತಲರ ಕೃತ್ಯಗಳ 19ನೆಯ ಅಧ್ಯಾಯದ ಪ್ರಕಾರ, ಪೌಲನ ಬೋಧನೆ ಕೇಳಿದ ಮಾಟಗಾರರು ತಮ್ಮ ಮಂತ್ರದ ಪುಸ್ತಕಗಳನ್ನು ತಾವೇ ತಂದು ಎಲ್ಲರೆದುರು ಸುಟ್ಟರು. ಅವುಗಳ ಬೆಲೆ 50,000 ಬೆಳ್ಳಿ ನಾಣ್ಯಗಳೆಂದು ಲೆಕ್ಕವೂ ಅಲ್ಲಿದೆ. ಮಾರಿದ್ದರೆ ಕೈತುಂಬ ಹಣ ಸಿಗುತ್ತಿತ್ತು, ಮಾರಲಿಲ್ಲ. ಇತ್ತ ದೇವಿಯ ಬೆಳ್ಳಿಯ ಪುಟ್ಟ ಗುಡಿಗಳನ್ನು ಮಾಡಿಸಿ ಮಾರುತ್ತಿದ್ದ ದೇಮೇತ್ರಿಯ ಎಂಬ ಅಕ್ಕಸಾಲಿ ತನ್ನ ಕಸುಬಿನವರನ್ನೆಲ್ಲ ಕೂಡಿಸಿ ದಂಗೆ ಎಬ್ಬಿಸಿದ. ಅವನು ಮೊದಲು ಎತ್ತಿದ ಮಾತು ಸಂಪಾದನೆಯದು. ದೇವಿಯ ಮಹಿಮೆಗೆ ಕುಂದು ಬರುತ್ತದೆಂಬ ದೂರು ಆಮೇಲಿನದು.

ಸ್ವತ್ತನ್ನು ಪೂರ್ತಿ ಬಿಟ್ಟವರಲ್ಲಿ ಈಜಿಪ್ಟಿನ ಸಂತ ಅಂತೋಣಿ (ಸು. 251–356) ಮೊದಲ ಹೆಸರು. ಪರಿಪೂರ್ಣನಾಗಬೇಕಾದರೆ ಇರುವುದನ್ನೆಲ್ಲ ಮಾರಿ ಬಡವರಿಗೆ ಕೊಡು ಎಂದು ಯೇಸು ಒಬ್ಬ ಸಿರಿವಂತ ಯುವಕನಿಗೆ ಹೇಳಿದ ಭಾಗವನ್ನು ಚರ್ಚಿನಲ್ಲಿ ಓದುವುದು ಅವನ ಕಿವಿಗೆ ಬಿತ್ತು. ಪಿತ್ರಾರ್ಜಿತವಾಗಿ ಬಂದಿದ್ದ ಸುಮಾರು 300 ಅರೂರ (ಈಜಿಪ್ಟಿನ ನೆಲದಳತೆ) ಫಲವತ್ತಾದ ಭೂಮಿಯನ್ನು ಊರವರಿಗೆ ಬಿಟ್ಟುಕೊಟ್ಟ. ತಂಗಿಗೆಂದು ಸ್ವಲ್ಪ ಉಳಿಸಿಕೊಂಡಿದ್ದನ್ನೂ ಕೊನೆಗೆ ದಾನ ಮಾಡಿ, ಅವಳನ್ನು ಕನ್ಯೆಯರ ಆಶ್ರಯದಲ್ಲಿ ಬಿಟ್ಟು ಹೊರಟ. ತಂಗಿಯ ಇಷ್ಟವೇನಿತ್ತೆಂದು ಚರಿತ್ರೆ ಬರೆದ ಅಥನಾಸಿಯಸ್ ಹೇಳುವುದಿಲ್ಲ. 6ನೆಯ ಶತಮಾನದಲ್ಲಿ ಬೆನೆಡಿಕ್ಟ್ ತನ್ನ ಮಠದ ನಿಯಮಗಳಲ್ಲಿ ಸನ್ಯಾಸಿಗೆ ಬರೆಯುವ ಲೇಖನಿಯೂ ಸ್ವಂತದ್ದಾಗಿರಬಾರದೆಂದು ವಿಧಿಸಿದ. ಆದರೆ ಸನ್ಯಾಸಿ ಬರಿಗೈಯವನಾದರೂ ಮಠ ಬರಿಗೈಯದಾಗಲಿಲ್ಲ. ದಾನದತ್ತಿಗಳಿಂದ ಮಠಗಳು ಯುರೋಪಿನ ದೊಡ್ಡ ಭೂಮಾಲೀಕರಾದವು. ಇದಕ್ಕೆ ಬೇಸತ್ತವರಿಗೆ ಅಸ್ಸಿಸಿಯ ಫ್ರಾನ್ಸಿಸ್ ದಾರಿ ತೋರಿದ. ಬಟ್ಟೆ ವ್ಯಾಪಾರಿಯ ಮಗನಾದ ಅವನು 1206ರಲ್ಲಿ ಬಿಷಪ್ಪನ ಎದುರಿಗೆ ಉಟ್ಟ ಬಟ್ಟೆಯನ್ನೂ ತಂದೆಗೆ ಬಿಚ್ಚಿಕೊಟ್ಟ. ಅವನು ತೀರಿಕೊಂಡು ನೂರು ವರ್ಷ ಕಳೆಯುವುದರೊಳಗೆ, ಬಡತನದ ವ್ರತದ ವಿಷಯದಲ್ಲಿ ಹಟ ಬಿಡದ ಅವನ ಪಂಥದ ನಾಲ್ವರನ್ನು 1318ರಲ್ಲಿ ಮಾರ್ಸೇಲ್ಸ್‌ನಲ್ಲಿ ಸುಡಲಾಯಿತು. ಯೇಸುವಿಗೂ ಶಿಷ್ಯರಿಗೂ ಯಾವ ಸ್ವತ್ತೂ ಇರಲಿಲ್ಲವೆಂದು ಸಾಧಿಸುವುದು ಪಾಷಂಡವಾದವೆಂದು ಪೋಪ್ 22ನೆಯ ಜಾನ್ 1323ರಲ್ಲಿ ಸಾರಿದ.

ಚರ್ಚಿನೊಳಗಿನ ಚಿತ್ರ, ಪ್ರತಿಮೆಗಳ ವಿವಾದ ಬೇರೆ ದಾರಿ ಹಿಡಿಯಿತು. 787ರ ಎರಡನೆಯ ನೈಸಿಯಾ ಮಹಾಸಭೆ ಅವುಗಳಿಗೆ ಗೌರವ ಸಲ್ಲಬಹುದು, ಆರಾಧನೆ ದೇವರಿಗೆ ಮಾತ್ರ ಎಂದು ತೀರ್ಪಿತ್ತಿತು. ಕ್ಯಾಥೊಲಿಕ್ ಮತ್ತು ಆರ್ಥೊಡಾಕ್ಸ್ ಚರ್ಚುಗಳ ನಿಲುವು ಇಂದಿಗೂ ಇದೇ. ಸುಧಾರಣಾ ಚಳವಳಿಯ ಕಾಲದಲ್ಲಿ, 1524ರಲ್ಲಿ, ಜ್ಯೂರಿಕ್ ನಗರಸಭೆ ಚರ್ಚುಗಳ ಪ್ರತಿಮೆಗಳನ್ನು ತೆಗೆಸಿತು. ಆ ಚಳವಳಿಯ ಮುಂದಾಳು ಲೂಥರ್ ಮಾತ್ರ ಮನಸ್ಸು ಯಾವುದಕ್ಕೆ ಅಂಟಿಕೊಂಡಿದೆಯೋ ಅದೇ ಅವನವನ ದೇವರು ಎಂದು ವಿವರಿಸಿ, ಹಣವನ್ನು ಎಲ್ಲಕ್ಕಿಂತ ಸಾಮಾನ್ಯವಾದ ವಿಗ್ರಹವೆಂದು ಗುರುತಿಸಿದ. ಪ್ರತಿಮೆ ತೆಗೆಯುವುದಕ್ಕೆ ಆಳುವವರ ಅಪ್ಪಣೆ ಸಾಕಾಯಿತು, ಹಣದ ಮೋಹಕ್ಕೆ ಅಂಥ ಅಪ್ಪಣೆ ಯಾವುದೂ ಹೊರಡಲಿಲ್ಲ. ಇಂಗ್ಲೆಂಡಿನಲ್ಲಿ 1536–40ರ ನಡುವೆ ಮುಚ್ಚಿಸಿದ ಮಠಗಳ ಭೂಮಿ ಅರಸ ಎಂಟನೆಯ ಹೆನ್ರಿಯ ವಶವಾಗಿ, ಬಹುಪಾಲು ಅಲ್ಲಿಂದ ಸಿರಿವಂತರ ಕೈ ಸೇರಿತು.

ಕರ್ನಾಟಕದ ಕರಾವಳಿಯಲ್ಲಿ ವಿಗ್ರಹವನ್ನು ಬಿಟ್ಟವರು ಆಸ್ತಿಯನ್ನು ತಾವಾಗಿ ಬಿಡಬೇಕಾಗಿರಲಿಲ್ಲ, ಅದೇ ಕೈತಪ್ಪುತ್ತಿತ್ತು. ಪ್ರಾಟೆಸ್ಟಂಟ್ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಕ್ರೈಸ್ತರಾದ ಬಿಲ್ಲವರು ಭೂತಾರಾಧನೆಯೊಡನೆ ಕುಟುಂಬದ ಆಸರೆಯನ್ನೂ ಕಳೆದುಕೊಂಡರು. ಕಳ್ಳು ಇಳಿಸುವ ಮೂರ್ತೆ ಕಸುಬನ್ನು ಮಿಶನ್ ಒಪ್ಪುತ್ತಿರಲಿಲ್ಲ. ಮತಾಂತರದಿಂದ ಪಿತ್ರಾರ್ಜಿತ ಹಕ್ಕು ತಪ್ಪಬಾರದೆಂದು 1850ರ 21ನೆಯ ಕಾಯಿದೆ ಹೇಳಿತಾದರೂ ಹೊಟ್ಟೆಪಾಡಿಗೆ ಬೇರೆ ಕೆಲಸ ಬೇಕಿತ್ತು. ಅದಕ್ಕಾಗಿ ಮಿಶನ್ ಮೊದಲು ನೇಯ್ಗೆ ಶಾಲೆಗಳನ್ನು ತೆರೆಯಿತು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭವಾಯಿತು.