ಮಳೆಯಲ್ಲಿ ನೆಂದ ಮಣ್ಣು, ಮುಳುಗಿದ ಹಡಗು: ಮಂಗಳೂರಿನಿಂದ ಕುವಾಂತಾನ್‌ವರೆಗೆ

ಬಾಂಗ್ಸಾರಿನಲ್ಲಿ ನೆಲೆಸಿರುವ ನಮಗೆ ಬಂದರು ಎಂದೊಡನೆ ನೆನಪಾಗುವುದು ಪೋರ್ಟ್ ಕ್ಲಾಂಗ್. ಊರನ್ನು ನೆನೆದರೆ ಪಣಂಬೂರಿನ ನವಮಂಗಳೂರು ಬಂದರು. ಮಲೇಷ್ಯಾದ ಪೂರ್ವ ಕರಾವಳಿಯ ಕುವಾಂತಾನ್ ಬಂದರು ನಮ್ಮ ಮಾತಿನಲ್ಲಿ ಬರುವುದು ಅಪರೂಪ. ಆದರೂ ಮಂಗಳೂರನ್ನೂ ಕುವಾಂತಾನನ್ನೂ ಒಂದು ಶೋಕದ ಇತಿಹಾಸ ಬೆಸೆದಿದೆ. ಈ ಎರಡು ಬಂದರುಗಳಿಂದ ಸುಮಾರು ಐದು ವರ್ಷಗಳ ಅಂತರದಲ್ಲಿ ಹೊರಟ ಎರಡು ಸರಕು ಹಡಗುಗಳು ಬಂಡೆಗೆ ಬಡಿಯದೆ, ಯಾವುದಕ್ಕೂ ಡಿಕ್ಕಿ ಹೊಡೆಯದೆ ಮುಳುಗಿದವು. ಕಾರಣ, ಅವು ಒಡಲಲ್ಲಿ ಹೊತ್ತಿದ್ದ ಒದ್ದೆ ಮಣ್ಣು.

ಮೊದಲನೆಯದು ‘ಏಷ್ಯನ್ ಫಾರೆಸ್ಟ್’. ಅದು ಬಳ್ಳಾರಿ–ಹೊಸಪೇಟೆ ಸೀಮೆಯ ಅದಿರಿಗೆ ಚೀನಾದಲ್ಲಿ ಅಪಾರ ಬೇಡಿಕೆ ಇದ್ದ ಕಾಲ. ಲಾರಿಗಳಲ್ಲಿ ಘಟ್ಟ ಇಳಿದು ಬಂದ ಅದಿರಿನ ಪುಡಿ ಬಂದರಿನ ಬಯಲಿನಲ್ಲಿ ರಾಶಿಯಾಗಿ ಬೀಳುತ್ತಿತ್ತು. 2009ರ ಜುಲೈನಲ್ಲಿ, ಕರಾವಳಿಯವರು ಆಟಿ ಎಂದು ಕರೆಯುವ ತಿಂಗಳು ಕಾಲಿಡುವ ಹೊತ್ತಿಗೆ, ಸಾವಿರಾರು ಟನ್ ಅದಿರಿನ ಪುಡಿಯನ್ನು ತುಂಬಿಕೊಂಡು ಹೊರಟ ಈ ಹಡಗು ಮಂಗಳೂರಿನ ಹೊರಗಡಲಿನಲ್ಲೇ ಒಂದು ಮಗ್ಗುಲಿಗೆ ವಾಲಿ ಮುಳುಗಿತು. ನಾವಿಕರನ್ನು ಕರಾವಳಿ ಕಾವಲು ಪಡೆ ರಕ್ಷಿಸಿತು. ಎರಡು ತಿಂಗಳು ಕಳೆಯುವ ಮೊದಲೇ, ಒಡಿಶಾದ ಪಾರಾದೀಪ್ ಬಂದರಿನ ಬಳಿ ಅದಿರಿನ ಪುಡಿಯನ್ನೇ ಹೊತ್ತ ‘ಬ್ಲ್ಯಾಕ್ ರೋಸ್’ ಕೂಡ ಮುಳುಗಿತು.

ಮಣ್ಣು ಹಡಗನ್ನು ಮುಳುಗಿಸುವುದು ಹೇಗೆ? ಪಣಂಬೂರಿನ ಕಡಲ ದಂಡೆಯಲ್ಲಿ ಆಡಿದವರಿಗೆ ಉತ್ತರ ಗೊತ್ತು. ತೆರೆ ಹಿಂದೆ ಸರಿದ ಮೇಲೆ ಮರಳು ಗಟ್ಟಿಯಾಗಿರುತ್ತದೆ. ಅದರ ಮೇಲೆ ನಿಂತು ಪಾದವನ್ನು ಮತ್ತೆ ಮತ್ತೆ ಕುಟ್ಟಿದರೆ ನೀರು ಒಸರಿ, ಮರಳು ಸಡಿಲವಾಗಿ, ಕಾಲು ಹೂತುಹೋಗುತ್ತದೆ. ಹಡಗಿನ ಒಡಲಿನಲ್ಲಿ ನಡೆಯುವುದೂ ಇದೇ. ಯಂತ್ರದ ಅದುರುವಿಕೆಗೂ ಅಲೆಗಳ ತೊನೆದಾಟಕ್ಕೂ ಪುಡಿಯ ಕಣಗಳು ಒತ್ತೊತ್ತಾಗಿ ಕೂರುತ್ತವೆ. ನಡುವೆ ಸಿಕ್ಕಿಬಿದ್ದ ನೀರಿನ ಒತ್ತಡ ಏರಿ, ಕಣಗಳು ಒಂದನ್ನೊಂದು ಹಿಡಿದುಕೊಳ್ಳುವ ಶಕ್ತಿ ಕಳೆದುಹೋಗುತ್ತದೆ. ಗುಡ್ಡದಂತೆ ಕುಳಿತಿದ್ದ ರಾಶಿ ಕೆಸರಾಗಿ ಒಂದು ಮಗ್ಗುಲಿಗೆ ಹರಿಯುತ್ತದೆ. ಹಡಗು ಮರಳಿ ನೆಟ್ಟಗಾಗುವಾಗ ಆ ಕೆಸರು ಪೂರ್ತಿಯಾಗಿ ಹಿಂದಿರುಗುವುದಿಲ್ಲ. ವಾಲುವಿಕೆ ಹೆಚ್ಚುತ್ತಾ ಹೋಗಿ, ಕೆಲವೊಮ್ಮೆ ನಿಮಿಷಗಳಲ್ಲೇ ಹಡಗು ಮಗುಚುತ್ತದೆ.

ಅದಿರಿನ ಪುಡಿಗೆ ನೀರು ಸೇರಿದರೆ ಅದು ಹರಿಯುತ್ತದೆಂಬುದು ಮಂಗಳೂರಿಗೆ ಹೊಸ ಸಂಗತಿಯಾಗಿರಲಿಲ್ಲ. ಕುದುರೆಮುಖದ ಅದಿರು, 2005ರ ಕೊನೆಗೆ ಗಣಿ ನಿಲ್ಲುವವರೆಗೂ, ನೀರಿನೊಡನೆ ಬೆರೆತು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಹರಿದೇ ಪಣಂಬೂರು ತಲುಪುತ್ತಿತ್ತು. ಜಗತ್ತಿನ ನೌಕೋದ್ಯಮಕ್ಕೂ ಅಪಾಯ ತಿಳಿದಿತ್ತು: ಸಡಿಲ ಸರಕುಗಳ ಸಾಗಣೆಗೆ ಅಂತರರಾಷ್ಟ್ರೀಯ ಸಂಹಿತೆಯೊಂದು 1965ರಲ್ಲೇ ರೂಪುಗೊಂಡಿತ್ತು. ಆದರೆ ಅದು ಬಹುಕಾಲ ಬರಿಯ ಶಿಫಾರಸಾಗಿಯೇ ಉಳಿಯಿತು. ಸಂಹಿತೆಯ ಹೊಸ ರೂಪ ಕಡ್ಡಾಯವಾದದ್ದು 2011ರ ಜನವರಿ 1ರಿಂದ. ಅದಿರಿನ ಪುಡಿಗೆಂದೇ ಬರೆದ ನಿಯಮಗಳು ಕಡ್ಡಾಯವಾಗಲು 2017 ಬರಬೇಕಾಯಿತು.

ಈ ನಡುವೆ ಕುವಾಂತಾನ್ ಸರದಿ ಬಂತು. 2014ರ ಡಿಸೆಂಬರಿನಲ್ಲಿ ಮಲೇಷ್ಯಾದ ಪೂರ್ವ ಕರಾವಳಿಯನ್ನು ಮುಳುಗಿಸಿದ ಪ್ರವಾಹ ಇಲ್ಲಿನ ಹಳಬರಿಗೆ ನೆನಪಿರಬಹುದು. ಅದೇ ಮಳೆಯಲ್ಲಿ ‘ಬಲ್ಕ್ ಜೂಪಿಟರ್’ ಹಡಗಿಗೆ 46,400 ಟನ್ ಬಾಕ್ಸೈಟ್ ತುಂಬಲಾಯಿತು. 2015ರ ಜನವರಿ 2ರಂದು ವಿಯೆಟ್ನಾಮಿನ ಹೊರಗಡಲಿನಲ್ಲಿ ಅದು ಮುಳುಗಿದಾಗ, ಹಡಗಿನಲ್ಲಿದ್ದ 19 ಫಿಲಿಪಿನೋ ನಾವಿಕರಲ್ಲಿ ಬದುಕುಳಿದವನು ಒಬ್ಬನೇ, ಅಡುಗೆಯವನು. ಸಂಹಿತೆಯಲ್ಲಿ ಬಾಕ್ಸೈಟ್ ‘ದ್ರವವಾಗದ’ ಸರಕುಗಳ ಸಾಲಿನಲ್ಲಿತ್ತು. ಆದರೆ ಆ ಮಾತು ಹೊಂದುತ್ತಿದ್ದುದು ಬಹುಪಾಲು ಗಟ್ಟಿಗಳಿಂದಲೇ ಕೂಡಿದ, ತೇವಾಂಶ ಶೇ. 10ನ್ನು ಮೀರದ ಬಾಕ್ಸೈಟಿಗೆ. ಮುಳುಗಿದ ಹಡಗಿನ ಸರಕಿನ ಸರಾಸರಿ ತೇವಾಂಶ ಶೇ. 21ನ್ನು ಮೀರಿತ್ತೆಂದು ತನಿಖೆ ಹೇಳಿತು. ಮುಂದಿನ ಸಂಶೋಧನೆಯು ಬಾಕ್ಸೈಟಿನಲ್ಲಿ ನೀರೂ ನುಣ್ಣನೆಯ ಪುಡಿಯೂ ಮೇಲೆದ್ದು, ರಾಶಿಯ ನೆತ್ತಿಯಲ್ಲಿ ಕೆಸರಾಗಿ ಹೊಯ್ದಾಡುವ ಬಗೆಯನ್ನು ಗುರುತಿಸಿತು. ಬಾಕ್ಸೈಟ್ ಪುಡಿಯ ಹೊಸ ನಿಯಮ 2021ರ ಜನವರಿ 1ರಿಂದ ಕಡ್ಡಾಯವಾಯಿತು.

ತಡೆಯುವ ದಾರಿ ದುಬಾರಿಯದಲ್ಲ. ಯಾವ ತೇವಾಂಶದಲ್ಲಿ ಪುಡಿ ಹರಿಯತೊಡಗುತ್ತದೆಂಬುದನ್ನು ಪ್ರಯೋಗಾಲಯದಲ್ಲಿ ಕಂಡುಕೊಂಡು, ಸಾಮಾನ್ಯವಾಗಿ ಅದರ ಶೇ. 90ನ್ನು ಸುರಕ್ಷಿತ ಮಿತಿಯೆಂದು ನಿಗದಿಮಾಡುತ್ತಾರೆ. ಹಡಗಿಗೆ ತುಂಬುವ ಮುನ್ನ, ಏಳು ದಿನಗಳ ಒಳಗೆ, ರಾಶಿಯ ತೇವಾಂಶವನ್ನು ಅಳೆಯಬೇಕು. ನಡುವೆ ಜೋರು ಮಳೆ ಬಂದರೆ ಮತ್ತೆ ಅಳೆಯಬೇಕು. ಧಕ್ಕೆಯ ಮೇಲೆಯೇ ಮಾಡಬಹುದಾದ ಡಬ್ಬಿಯ ಪರೀಕ್ಷೆಯೂ ಇದೆ: ಡಬ್ಬಿಯ ಅರ್ಧದಷ್ಟು ಪುಡಿ ತುಂಬಿ, ಸುಮಾರು 20 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ 25 ಸಲ ಕುಟ್ಟಬೇಕು. ಮೇಲೆ ನೀರು ಒಸರಿದರೆ, ಪ್ರಯೋಗಾಲಯದ ಮರುಪರೀಕ್ಷೆಯಿಲ್ಲದೆ ಆ ಸರಕನ್ನು ತುಂಬುವಂತಿಲ್ಲ. ಒಸರದಿದ್ದ ಮಾತ್ರಕ್ಕೆ ಸರಕು ನಿರಪಾಯವೆಂದೂ ಅಲ್ಲ.

ಇಷ್ಟು ಸರಳವಾದರೂ ಹಡಗುಗಳು ಮುಳುಗಿದ್ದೇಕೆ? ತೇವಾಂಶದ ಪ್ರಮಾಣಪತ್ರವನ್ನು ಕೊಡಬೇಕಾದವನು ಸರಕು ಮಾರಿ ಕಳುಹಿಸುವವನು. ಅದನ್ನು ನಂಬಿ ಕಡಲಿಗಿಳಿಯುವವನು ನಾವಿಕ. ಬಯಲಿನಲ್ಲಿ ನೆಂದ ರಾಶಿ ಒಣಗುವವರೆಗೆ ಕಾದರೆ ಪ್ರತಿ ದಿನವೂ ಹಣದ ನಷ್ಟ. ಸರಕು ಬೇಡವೆನ್ನುವ ಅಧಿಕಾರ ಕಪ್ತಾನನಿಗಿದೆ. ಹಡಗು ಕಾಯುತ್ತಿರುವಾಗ, ಎಲ್ಲರೂ ಅವಸರಿಸುತ್ತಿರುವಾಗ ಆ ಮಾತನ್ನು ಆಡುವುದು ಸುಲಭವಲ್ಲ.

2010ರಲ್ಲಿ ಕರ್ನಾಟಕ ಸರ್ಕಾರ ಅದಿರಿನ ರಫ್ತನ್ನು ತಡೆಯಿತು. 2016ರ ಜನವರಿಯಲ್ಲಿ ಮಲೇಷ್ಯಾ ಬಾಕ್ಸೈಟ್ ಗಣಿಗಾರಿಕೆಯನ್ನು ನಿಲ್ಲಿಸಿತು. ಅಲ್ಲಿ ಅಕ್ರಮ ಗಣಿಗಾರಿಕೆಯೂ ಇಲ್ಲಿ ಕೆಂಪಾದ ನದಿ–ಕಡಲುಗಳೂ ಮುಖ್ಯ ಕಾರಣವಾದವು. ನೆಲದ ಮೇಲಿನ ಹಾನಿ ಎಲ್ಲರ ಕಣ್ಣಿಗೂ ಬಿದ್ದಿತ್ತು. ನಾವಿಕರ ಸಾವು ಮಾತ್ರ ದೂರದ ಕಡಲಿನ ಸುದ್ದಿಯಾಗಿ ಉಳಿಯಿತು. ಆದರೆ ಆ ಸಾವಿನ ಬೀಜ ಬಿದ್ದದ್ದೂ ನೆಲದಲ್ಲಿಯೇ, ಮಳೆಯಲ್ಲಿ ನೆನೆಯಲು ಬಿಟ್ಟ ರಾಶಿಯಲ್ಲಿ. ಮುಂದಿನ ರಜೆಯಲ್ಲಿ ಮಕ್ಕಳೊಡನೆ ಪಣಂಬೂರಿಗೋ ಕುವಾಂತಾನ್ ಕಡಲ ತೀರಕ್ಕೋ ಹೋದಾಗ, ಒದ್ದೆ ಮರಳಿನ ಮೇಲೆ ಅವರಿಗೆ ಪಾದ ಕುಟ್ಟಲು ಹೇಳೋಣ. ನೀರು ಒಸರುವಾಗ ಬಲ್ಕ್ ಜೂಪಿಟರಿನ ಆ ಹದಿನೆಂಟು ಮಂದಿಯ ಕಥೆಯನ್ನೂ ಹೇಳೋಣ.