ಟೂಮಮಾಕ್ ಗ್ಲೋಬ್‌ಬೆರಿ

ಸೌತೆ, ಕುಂಬಳ, ತೊಂಡೆಗಳ ಕುಕುರ್ಬಿಟೇಸಿ ಕುಟುಂಬಕ್ಕೆ ಸೇರಿದ ಬಹುವಾರ್ಷಿಕ ಬಳ್ಳಿ. ವೈಜ್ಞಾನಿಕ ನಾಮ ಟೂಮಮೋಕ ಮ್ಯಾಕ್‌ಡೂಗಲಿಐ. ಅಮೆರಿಕದ ದಕ್ಷಿಣ ಅರಿಜೋನ ಮತ್ತು ಮೆಕ್ಸಿಕೋದ ಸೊನೋರಾ ರಾಜ್ಯದ ಮರುಭೂಮಿ ಇದರ ತವರು. ಅರಿಜೋನದ ಟೂಸಾನ್ ನಗರದ ಟೂಮಮಾಕ್ ಗುಡ್ಡದಲ್ಲಿ 1903ರಲ್ಲಿ ಆರಂಭವಾದ ಮರುಭೂಮಿ ಪ್ರಯೋಗಾಲಯವನ್ನು ನಡೆಸುತ್ತಿದ್ದ ಡಿ.ಟಿ. ಮ್ಯಾಕ್‌ಡೂಗಲ್ ಅವರ ಹೆಸರನ್ನು ಹೊತ್ತ ಈ ಸಸ್ಯವನ್ನು ಸಸ್ಯವಿಜ್ಞಾನಿ ಜೆ.ಎನ್. ರೋಸ್ 1912ರಲ್ಲಿ ವರ್ಣಿಸಿದರು.

ವರ್ಷದ ಬಹುಪಾಲು ಬಳ್ಳಿ ಕಣ್ಣಿಗೆ ಬೀಳುವುದೇ ಇಲ್ಲ. ಜೀವವೆಲ್ಲ ಮಣ್ಣೊಳಗಿನ ಗೆಡ್ಡೆಬೇರುಗಳಲ್ಲಿ ಅಡಗಿರುತ್ತದೆ. ನಮ್ಮ ಮಡಹಾಗಲದ ಗೆಡ್ಡೆ ಮುಂಗಾರಿಗೆ ಚಿಗುರುವಂತೆ, ಜುಲೈ ಹೊತ್ತಿಗೆ ಅಲ್ಲಿ ಬೀಳುವ ಬೇಸಿಗೆ ಮಳೆಗೆ ಇದರ ಕುಡಿ ಮೇಲೇಳುತ್ತದೆ. ದಾರದಷ್ಟು ತೆಳುವಾದ ಕಾಂಡ, ಮೂರಾಗಿ ಆಳಕ್ಕೆ ಸೀಳಿದ ಎಲೆ. ಕ್ರಿಯೊಸೋಟ್, ಮೆಸ್ಕಿಟ್, ಪಾಲೊ ವರ್ಡೆ ಮುಂತಾದ ಗಿಡಗಳ ಬುಡದಲ್ಲಿ ಹುಟ್ಟಿ, ಅವುಗಳ ನೆರಳನ್ನೂ ಆಸರೆಯನ್ನೂ ಪಡೆದು, ಕುಡಿಬಳ್ಳಿಗಳಿಂದ ಕೊಂಬೆ ಹಿಡಿದು ಏರುತ್ತದೆ. ಆಸರೆಯ ಗಿಡ ಉಳಿಯದೆ ಬಳ್ಳಿ ಉಳಿಯದು. ಗಂಡು ಹೂ, ಹೆಣ್ಣು ಹೂ ಒಂದೇ ಬಳ್ಳಿಯಲ್ಲಿ ಬಿಡುತ್ತವೆ. ಹಳದಿ ಛಾಯೆಯ ಹೂ ತೀರ ಚಿಕ್ಕದು. ಹಣ್ಣಾದಾಗ ಮಾತ್ರ ಕೆಂಪು ಗೋಲಿಗಳು ಪೊದೆಯೊಳಗಿಂದ ಎದ್ದು ಕಾಣುತ್ತವೆ. ಹಂದಿಯನ್ನು ಹೋಲುವ ಹವೆಲೀನ ಪ್ರಾಣಿಗಳು ಗೆಡ್ಡೆಯನ್ನು ಅಗೆದು ತಿನ್ನುತ್ತವೆ.

1986ರಲ್ಲಿ ಅಮೆರಿಕ ಸರ್ಕಾರ ಇದನ್ನು ಅಳಿವಿನಂಚಿನ ಸಸ್ಯಗಳ ಪಟ್ಟಿಗೆ ಸೇರಿಸಿತು. ಮುಂದೆ ಸಮೀಕ್ಷೆಗಳಲ್ಲಿ, ವಿಶೇಷವಾಗಿ ಸೊನೋರಾದಲ್ಲಿ, ಇನ್ನಷ್ಟು ನೆಲೆಗಳು ಸಿಕ್ಕಿದ್ದರಿಂದ 1993ರಲ್ಲಿ ಪಟ್ಟಿಯಿಂದ ತೆಗೆಯಲಾಯಿತು. ಹುಡುಕಿದವರ ಶ್ರಮಕ್ಕೆ ಸಂದ ಫಲವದು. ಆದರೂ ಕಾಡಿನಿಂದ ಗೆಡ್ಡೆ ಕಿತ್ತು ತರುವುದು ತಪ್ಪೇ; ಮನೆಯಲ್ಲಿ ಬೆಳೆಸಬಯಸುವವರು ಬೀಜದಿಂದ ಬೆಳೆಸಿದ ಸಸಿಯನ್ನೇ ಆರಿಸಿಕೊಳ್ಳಬೇಕು.

ಬೇಸಾಯ: ದಪ್ಪ ಮರಳು, ಸಣ್ಣ ಜಲ್ಲಿ ಹೆಚ್ಚಾಗಿದ್ದು ನೀರು ತಕ್ಷಣ ಬಸಿಯುವ ಮಣ್ಣಿನ ಮಿಶ್ರಣ ಕುಂಡಕ್ಕೆ ಬೇಕು. ಬೀಜವನ್ನು ಬೆಚ್ಚನೆಯ ಕಾಲದಲ್ಲಿ ತೆಳ್ಳಗೆ ಮಣ್ಣು ಮುಚ್ಚಿ ಬಿತ್ತುತ್ತಾರೆ. ಹಬ್ಬಲು ಒಣ ರೆಂಬೆಯೊಂದನ್ನು ಕುಂಡದಲ್ಲಿ ನೆಟ್ಟರೆ ಸಾಕು. ಬಳ್ಳಿ ಚಿಗುರಿರುವಷ್ಟು ದಿನ ಚೆನ್ನಾಗಿ ನೀರುಣಿಸಿ, ಮೇಲ್ಮಣ್ಣು ಆರಿದ ಮೇಲೆ ಮತ್ತೆ ಹಾಕಬೇಕು. ಎಲೆ ಹಳದಿಯಾಗತೊಡಗಿದರೆ ನೀರು ಕಡಿಮೆ ಮಾಡಬೇಕು. ಬಳ್ಳಿ ಒಣಗಿತೆಂದು ಗಾಬರಿಯಾಗಿ ಈ ಹಂತದಲ್ಲಿ ನೀರು ಹೊಯ್ದರೆ ಗೆಡ್ಡೆ ಕೊಳೆಯುತ್ತದೆ. ಸುಪ್ತಾವಸ್ಥೆಯಲ್ಲಿ ಕುಂಡವನ್ನು ಮಳೆ ತಾಗದ ಒಣ ಜಾಗದಲ್ಲಿ ಇಡಬೇಕು. ಅಂದಕ್ಕಾಗಿ ಗೆಡ್ಡೆಯನ್ನು ಮಣ್ಣಿನ ಮೇಲೆ ಎತ್ತಿ ನೆಡುವವರಿದ್ದಾರೆ. ಎಳೆಯ ಗಿಡಕ್ಕೆ ಅದು ಒಳ್ಳೆಯದಲ್ಲ, ಗೆಡ್ಡೆ ಹೂತಿದ್ದಷ್ಟೂ ಬೇಗ ದಪ್ಪವಾಗುತ್ತದೆ.